ಹೆಸರಿಗೊಂದು ಬಾಡಿಗೆ

ಮಗುವಿಗೆ ಹೆಸರಿಡೋದಕ್ಕೆ ಒಂದು ಸಲ ಖರ್ಚು ಮಾಡಿದರೆ ಮುಗೀತು. ತೊಟ್ಟಿಲು, ನಾಲ್ಕು ಜನ ನೆಂಟರು, ಹೋಳಿಗೆ ಊಟ. ಆಮೇಲೆ ಆ ಹೆಸರು ಆ ಮಗುವಿನದೇ. ವರ್ಷಾ ವರ್ಷಾ ಯಾರೋ ಬಾಗಿಲು ಬಡಿದು "ನಿಮ್ಮ ಮಗನ ಹೆಸರಿನ ಅವಧಿ ಮುಗೀತಾ ಬಂತು, ದುಡ್ಡು ಕಟ್ಟಿ, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತೀವಿ" ಅಂತ ಹೆದರಿಸಲ್ಲ. ಅಂತರ್ಜಾಲದಲ್ಲಿ ಮಾತ್ರ ಹಾಗಲ್ಲ ನೋಡಿ. ಅಲ್ಲಿ ಹೆಸರನ್ನ ಯಾರೂ ಕೊಂಡುಕೊಳ್ಳೋದಿಲ್ಲ. ಎಲ್ಲರೂ ಬಾಡಿಗೆಗೇ ಇರೋದು!

ಈ ವಿಚಾರ ತಲೆಗೆ ಹೊಕ್ಕಿದ್ದು ನಮ್ಮ ಸಂಘದ ಲೆಕ್ಕಪತ್ರದಿಂದ. ನಮ್ಮದು ತೀರಾ ಸಣ್ಣ ಕನ್ನಡ ಸಂಘ. ರಾಜ್ಯೋತ್ಸವ, ಒಂದು ನಾಟಕ, ವರ್ಷಕ್ಕೊಂದು ಸ್ಮರಣ ಸಂಚಿಕೆ, ಇಷ್ಟೇ ನಮ್ಮ ಸಾಧನೆ. ಖಜಾಂಚಿ ಕೆಲಸ ಯಾರಿಗೂ ಬೇಡವಾಗಿ ನನ್ನ ಕೊರಳಿಗೆ ಬಿದ್ದು ಹಲವು ವರ್ಷಗಳಾದವು. ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಜಾಲತಾಣದಲ್ಲಿ ಇಟ್ಟಿದ್ದೇವೆ. ಅದರ ಹೆಸರಿನ ಕೊನೆಗೆ 'ಡಾಟ್ ಆರ್ಗ್' ಇದೆ. ಈಗ ಬದುಕಿಲ್ಲದ ಒಬ್ಬ ಮೇಷ್ಟ್ರು ನಮ್ಮಲ್ಲಿ ಮಾಡಿದ್ದ ವಚನಗಳ ಉಪನ್ಯಾಸಗಳ ಧ್ವನಿಮುದ್ರಿಕೆಯೂ ಅಲ್ಲೇ ಇದೆ. ವಾರ್ಷಿಕ ಸಭೆಯಲ್ಲಿ ಖರ್ಚು ಓದುತ್ತಾ "ಜಾಲತಾಣದ ಹೆಸರಿನ ನವೀಕರಣ" ಅನ್ನೋ ಸಾಲಿಗೆ ಬಂದಾಗ ಬ್ಯಾಂಕಿನಿಂದ ನಿವೃತ್ತರಾದ ಹಿರಿಯ ಸದಸ್ಯರೊಬ್ಬರು ಕೈ ಎತ್ತಿದರು. "ಅಲ್ರೀ, ಜಾಗಕ್ಕೆ ಬೇರೆ ದುಡ್ಡು ಕೊಡ್ತೀರಿ, ಹೆಸರಿಗೂ ಯಾಕೆ? ಇದು ಯಾರಿಗೆ ಹೋಗತ್ತೆ? ಈ ರೇಟು ಯಾರು ಫಿಕ್ಸ್ ಮಾಡಿದ್ದು?"

ದುಡ್ಡು ಸಾವಿರದ ಆಸುಪಾಸು ಅಷ್ಟೇ. ಆದರೆ ಮೂರನೇ ಪ್ರಶ್ನೆ ಇದೆಯಲ್ಲ, ರೇಟು ಯಾರು ಫಿಕ್ಸ್ ಮಾಡಿದ್ದು ಅನ್ನೋದು, ಅದು ನನ್ನನ್ನ ಸುಮ್ಮನೆ ಬಿಡಲಿಲ್ಲ.

ಮೊದಲು ದುಡ್ಡಿನ ದಾರಿ ಹೇಳಿಬಿಡ್ತೀನಿ. ನಾವು ದುಡ್ಡು ಕೊಡೋದು ಚಿಲ್ಲರೆ ಅಂಗಡಿಗೆ, ಅಂದ್ರೆ ರಿಜಿಸ್ಟ್ರಾರ್‌ಗೆ. ಅವನು ತನ್ನ ಲಾಭ ಇಟ್ಟುಕೊಂಡು ಸಗಟು ದರವನ್ನ ರಿಜಿಸ್ಟ್ರಿಗೆ ಕಟ್ಟುತ್ತಾನೆ. ರಿಜಿಸ್ಟ್ರಿ ಅಂದ್ರೆ ಆ 'ಡಾಟ್' ನಂತರದ ಭಾಗದ ಇಡೀ ಪಹಣಿ ಇಟ್ಟುಕೊಂಡಿರೋರು. ಯಾವ ಹೆಸರು ಯಾರದು, ಅದು ಯಾವ ಕಂಪ್ಯೂಟರಿನ ಕಡೆ ಕೈ ತೋರಿಸಬೇಕು ಅಂತ ಬರೆದಿಟ್ಟುಕೊಂಡು, ಪ್ರಪಂಚದಲ್ಲಿ ಯಾರು ಎಷ್ಟು ಹೊತ್ತಿಗೆ ಕೇಳಿದರೂ ಉತ್ತರ ಕೊಡೋರು. ಇದರ ಮೇಲೆ ಐಕ್ಯಾನ್ ಸಂಸ್ಥೆಯ ಸಣ್ಣದೊಂದು ಪಾಲು (ಬಹಳ ವರ್ಷ ಅದು ಹೆಸರಿಗೆ 18 ಸೆಂಟ್ ಇತ್ತು), ನಮ್ಮ ದೇಶದಲ್ಲಿ ಶೇ. 18 ಜಿಎಸ್‌ಟಿ. ಮೊದಲ ವರ್ಷ ಚಿಲ್ಲರೆಯವರು 99 ರೂಪಾಯಿಗೆ ಕೊಟ್ಟರೂ ಎರಡನೇ ವರ್ಷ ನಿಜವಾದ ಬೆಲೆ ಹಲ್ಲು ಕಿರಿಯುತ್ತೆ. ಅದು ನಿಮಗೆಲ್ಲ ಗೊತ್ತಿರೋದೇ.

ಇದರಲ್ಲಿ ಒಂದು ವಿಚಿತ್ರ ಇದೆ. ರಿಜಿಸ್ಟ್ರಿಯ ಖರ್ಚು ಹೆಸರಿನ ಲೆಕ್ಕದಲ್ಲಿ ಬೆಳೆಯೋದಿಲ್ಲ. ಹಲವು ದೇಶಗಳಲ್ಲಿ ಸರ್ವರ್‌ಗಳು ಬೇಕು, ದಿನದ 24 ಗಂಟೆ ಕಾಯೋ ಜನ ಬೇಕು, ದಾಳಿಗಳನ್ನ ತಡೀಬೇಕು, ಮಾಹಿತಿಯ ಒಂದು ಪ್ರತಿಯನ್ನ ಬೇರೆಯವರ ಹತ್ತಿರ ಭದ್ರವಾಗಿ ಇಡಬೇಕು. ಸಾವಿರ ಹೆಸರಿದ್ದರೂ ಇದೆಲ್ಲ ಬೇಕು, ಲಕ್ಷ ಹೆಸರಿದ್ದರೂ ಬೇಕು. ಇನ್ನೊಂದು ಹೆಸರು ಸೇರಿಸೋದು ಅಂದ್ರೆ ದೊಡ್ಡ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದ ಹಾಗೆ. ಸುಮ್ಮನೆ ಒಂದು ಉದಾಹರಣೆಗೆ, ವರ್ಷದ ಖರ್ಚು 1 ಕೋಟಿ ಅಂತಿಟ್ಟುಕೊಳ್ಳಿ. ಹತ್ತು ಸಾವಿರ ಹೆಸರಿದ್ದರೆ ತಲೆಗೆ 1000 ರೂಪಾಯಿ, ಲಕ್ಷ ಇದ್ದರೆ 100 ರೂಪಾಯಿ. ಲೆಕ್ಕದ ಪ್ರಕಾರ ಜನ ಹೆಚ್ಚಾದಷ್ಟೂ ಬಾಡಿಗೆ ಇಳೀಬೇಕು. ಆದರೆ ಇಳಿದದ್ದಕ್ಕಿಂತ ಏರಿದ್ದೇ ಹೆಚ್ಚು. ಡಾಟ್ ಕಾಮ್ ನೋಡಿ, 2000ದಲ್ಲಿ ಸಗಟು ದರ 6 ಡಾಲರ್ ಇತ್ತು, 2024ರ ಸೆಪ್ಟೆಂಬರ್‌ನಲ್ಲಿ 10.26 ಆಯಿತು. ಅದು ಲಾಭಕ್ಕೇ ಇರೋ ಕಂಪನಿ, ಬಿಡಿ. ಸಮುದಾಯದ ಹೆಸರಿನಲ್ಲಿ ನಡೆಯೋ ರಿಜಿಸ್ಟ್ರಿಗಳು ಏನು ಮಾಡಬೇಕು ಅನ್ನೋದು ನನ್ನ ತಲೆನೋವು.

*

ಮೊದಮೊದಲು ಇದೆಲ್ಲ ಪುಕ್ಕಟೆಯೇ ಇತ್ತಂತೆ. ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಖರ್ಚು ನೋಡಿಕೊಳ್ತಿತ್ತು. ಈ ವ್ಯವಸ್ಥೆಯ ಹಿರಿಯ ಜಾನ್ ಪೋಸ್ಟೆಲ್ 1994ರಲ್ಲಿ ಬರೆದ ಒಂದು ಟಿಪ್ಪಣಿ ಇದೆ, ಆರ್‌ಎಫ್‌ಸಿ 1591 ಅಂತ. ಅದರ ಸಾರ ಇಷ್ಟು: ಒಂದು ಡೊಮೈನ್ ನೋಡಿಕೊಳ್ಳೋರು ಅದರ ಯಜಮಾನರಲ್ಲ, ಸಮುದಾಯದ ಪರವಾಗಿ ಇರೋ ಧರ್ಮದರ್ಶಿಗಳು. ಅವರು ಹಕ್ಕಿನ ಮಾತಾಡೋದು ತಪ್ಪು, ಹೊಣೆ ಮತ್ತು ಸೇವೆಯ ಮಾತಾಡಬೇಕು. ದೇವಸ್ಥಾನದ ಹುಂಡಿಯ ಬೀಗದ ಕೈ ಇಟ್ಟುಕೊಂಡೋರು ಹುಂಡಿ ನಮ್ಮದೇ ಅನ್ನಬಾರದು ಅನ್ನೋ ಹಾಗೆ.

ಮರುವರ್ಷವೇ, 1995ರ ಸೆಪ್ಟೆಂಬರ್ 14ಕ್ಕೆ, ಹೆಸರಿಗೆ ಬೆಲೆ ಬಂತು. ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಅಂತ ನಿಗದಿ ಮಾಡಿತು, ನಂತರ ವರ್ಷಕ್ಕೆ 50. ಅದರಲ್ಲಿ ಶೇ. 30 ಭಾಗ ಅಂತರ್ಜಾಲದ ಒಳಿತಿಗೆ ಅಂತ ಒಂದು ನಿಧಿಗೆ ಹೋಗಬೇಕಿತ್ತು. ಕೇಳೋದಕ್ಕೆ ಒಳ್ಳೆ ಕೆಲಸವೇ. ಆದರೆ ಜನ ಕೋರ್ಟಿಗೆ ಹೋದರು. 1998ರಲ್ಲಿ ನ್ಯಾಯಾಲಯ, ಸಂಸತ್ತಿನ ಒಪ್ಪಿಗೆ ಇಲ್ಲದೆ ಎತ್ತಿದ ಆ ಶೇ. 30 ಒಂದು ಅಕ್ರಮ ತೆರಿಗೆ ಅಂದಿತು. ಅದೇ ವರ್ಷ ಅಮೆರಿಕದ ಸಂಸತ್ತು ಅದಕ್ಕೆ ಹಿಂದಿನಿಂದ ಒಪ್ಪಿಗೆ ಕೊಟ್ಟು ಸರಿಮಾಡಿತು ಅನ್ನೋದು ಬೇರೆ ಮಾತು. ಅಷ್ಟರಲ್ಲಿ ಆ ಭಾಗವನ್ನ ಕಿತ್ತುಹಾಕಿ ಬೆಲೆಯನ್ನ ಎರಡು ವರ್ಷಕ್ಕೆ 70 ಡಾಲರಿಗೆ ಇಳಿಸಿದ್ದರು.

ನನಗೆ ಇದರಲ್ಲಿ ಕಾಣೋ ಪಾಠ ಇದು. ಖರ್ಚಿಗೆ ತಕ್ಕ ಶುಲ್ಕ ಒಂದು, ಸತ್ಕಾರ್ಯಕ್ಕೆ ಅಂತ ಎತ್ತೋದು ಇನ್ನೊಂದು. ಎರಡನ್ನೂ ಒಂದೇ ರಶೀದಿಯಲ್ಲಿ ಸೇರಿಸಿಬಿಟ್ಟರೆ ಕೊಡೋನಿಗೆ "ನನ್ನನ್ನ ಯಾರು ಕೇಳಿದ್ರು?" ಅನ್ನಿಸದೇ ಇರಲ್ಲ. ಗಣೇಶನ ಚಂದಾದವರು ಕರೆಂಟ್ ಬಿಲ್ಲಿನ ಜೊತೆಗೇ ಚಂದಾ ಸೇರಿಸಿದರೆ ಹೇಗಿರುತ್ತೆ ಯೋಚಿಸಿ :)

ಹಾಗಾದ್ರೆ ಪುಕ್ಕಟೆ ಕೊಟ್ಟುಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಪೆಸಿಫಿಕ್ ಸಾಗರದಲ್ಲಿ ಟೊಕೆಲಾವ್ ಅಂತ ಮೂರು ಹವಳ ದ್ವೀಪಗಳಿವೆ, ಜನಸಂಖ್ಯೆ ಸುಮಾರು ಒಂದೂವರೆ ಸಾವಿರ. ಅದರ 'ಡಾಟ್ ಟಿಕೆ' ಹೆಸರುಗಳನ್ನ ಫ್ರೀನಾಮ್ ಅನ್ನೋ ಕಂಪನಿ ಪುಕ್ಕಟೆ ಹಂಚುತ್ತಿತ್ತು. ಒಂದು ಕಾಲಕ್ಕೆ ಅದರಡಿ ಎರಡು ಕೋಟಿಗೂ ಹೆಚ್ಚು ಹೆಸರುಗಳು! ಆದರೆ ಬೇಲಿ ಇಲ್ಲದ ಹೊಲಕ್ಕೆ ಯಾರ ದನ ನುಗ್ಗಲ್ಲ ಹೇಳಿ. ಬ್ಯಾಂಕಿನ ಹೆಸರಿನಲ್ಲಿ ಮೋಸ ಮಾಡೋರು, ಕಸದ ಮಿಂಚಂಚೆ ಕಳಿಸೋರು ಎಲ್ಲ ಅಲ್ಲೇ ಬೀಡುಬಿಟ್ಟರು. 2023ರಲ್ಲಿ ಮೆಟಾ ಕಂಪನಿ ಮೊಕದ್ದಮೆ ಹೂಡಿದ ಸುದ್ದಿ ಬಂತು, ಫ್ರೀನಾಮ್ ಹೊಸ ನೋಂದಣಿ ನಿಲ್ಲಿಸಿತು. 2024ರ ಫೆಬ್ರವರಿಯಲ್ಲಿ ಈ ವ್ಯವಹಾರದಿಂದಲೇ ಹೊರಗೆ ಹೋಗ್ತೀವಿ ಅಂದಿತು.

ಪುಕ್ಕಟೆ ಅಂದ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 'ಇಯು ಡಾಟ್ ಆರ್ಗ್' ಅಂತ ಒಂದಿದೆ, 1996ರಿಂದ ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ತಮ್ಮ ಹೆಸರಿನಡಿ ಉಪಹೆಸರುಗಳನ್ನ ದುಡ್ಡಿಲ್ಲದೆ ಕೊಡ್ತಾರೆ. ಆದರೆ ಅಲ್ಲಿ ಅರ್ಜಿ ಹಾಕಿ ಕಾಯಬೇಕು, ಮನುಷ್ಯರು ನೋಡಿ ಒಪ್ಪಬೇಕು. ಅಂದ್ರೆ ಬೇಲಿ ಎಲ್ಲೋ ಒಂದು ಕಡೆ ಇರಲೇಬೇಕು. ದುಡ್ಡಿನ ಬೇಲಿ, ಇಲ್ಲಾ ತಾಳ್ಮೆಯ ಬೇಲಿ!

*

ಈಗ ನಮ್ಮ ಡಾಟ್ ಆರ್ಗ್ ಕಥೆ. 1985ರಿಂದ ಇರೋ ಹಳೇ ವಿಳಾಸ ಇದು. ಕಂಪನಿಯೂ ಅಲ್ಲದ ಸರ್ಕಾರವೂ ಅಲ್ಲದ ನಮ್ಮಂಥ ಸಂಘಗಳಿಗೆ ಅಂತಲೇ ರೂಢಿಯಾಗಿದ್ದು. ಕನ್ನಡ ವಿಕಿಪೀಡಿಯ ಇರೋದೂ ಇದೇ ಬೀದಿಯಲ್ಲಿ. 2003ರ ಜನವರಿಯಿಂದ ಇದರ ಉಸ್ತುವಾರಿ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ ಅನ್ನೋ ಲಾಭರಹಿತ ಸಂಸ್ಥೆಯದು. ಅದನ್ನ ಕಟ್ಟಿದ್ದು ಇಂಟರ್ನೆಟ್ ಸೊಸೈಟಿ. ಖರ್ಚು ಕಳೆದು ಉಳಿದದ್ದು ಸೊಸೈಟಿಗೆ ಹೋಗುತ್ತೆ, ಅದು ಅಂತರ್ಜಾಲದ ಒಳಿತಿಗೆ ಬಳಸುತ್ತೆ. ಮತ್ತೆ ಅದೇ ನೋಡಿ, ಶುಲ್ಕದೊಳಗೆ ಒಂದು ಚಂದಾ! ಆದರೆ ಇಲ್ಲಿ ಒಂದು ಕಡಿವಾಣ ಇತ್ತು. ಒಪ್ಪಂದದ ಪ್ರಕಾರ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಬೆಲೆ ಏರಿಸೋ ಹಾಗಿರಲಿಲ್ಲ. 2019ರಲ್ಲಿ ಸಗಟು ದರ 9.93 ಡಾಲರ್ ಇತ್ತು, ಆಗಿನ ಲೆಕ್ಕದಲ್ಲಿ ಸುಮಾರು 700 ರೂಪಾಯಿ.

ಆ ವರ್ಷ ಒಪ್ಪಂದ ನವೀಕರಿಸುವಾಗ ಐಕ್ಯಾನ್ ಆ ಕಡಿವಾಣವನ್ನೇ ತೆಗೀತೀವಿ ಅಂತ ಹೊರಟಿತು. ಅಭಿಪ್ರಾಯ ಕೇಳಿದಾಗ ಮೂರು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು, ಹೆಚ್ಚೂಕಡಿಮೆ ಎಲ್ಲವೂ ಬೇಡ ಅಂತಲೇ. ಆದರೂ ಜೂನ್ 30ಕ್ಕೆ ಮಿತಿ ಇಲ್ಲದ ಒಪ್ಪಂದಕ್ಕೆ ಸಹಿ ಬಿತ್ತು. ಐದು ತಿಂಗಳೂ ಆಗಿರಲಿಲ್ಲ, ನವೆಂಬರ್‌ನಲ್ಲಿ ಇನ್ನೊಂದು ಸುದ್ದಿ: ಇಡೀ ರಿಜಿಸ್ಟ್ರಿಯನ್ನ ಎಥೋಸ್ ಕ್ಯಾಪಿಟಲ್ ಅನ್ನೋ ಖಾಸಗಿ ಹೂಡಿಕೆ ಕಂಪನಿಗೆ ಮಾರ್ತಾರಂತೆ. ಬೆಲೆ 113.5 ಕೋಟಿ ಡಾಲರ್.

ಸೊಸೈಟಿಯವರ ವಾದವನ್ನೂ ಹೇಳಬೇಕು. ಒಂದೇ ಆದಾಯದ ಮೇಲೆ ನೇತಾಡೋದಕ್ಕಿಂತ ದೊಡ್ಡ ಇಡುಗಂಟು ಬಂದರೆ ಅದರ ಬಡ್ಡಿಯಲ್ಲಿ ಎಂದೆಂದಿಗೂ ಕೆಲಸ ನಡೆಸಬಹುದು ಅಂತ. ಖಜಾಂಚಿಯಾಗಿ ನನಗೆ ಆ ಆಸೆ ಅರ್ಥ ಆಗುತ್ತೆ. ನಿಶ್ಚಿತ ಠೇವಣಿ ಅಂದ್ರೆ ಯಾವ ಸಂಘಕ್ಕೆ ಆಸೆ ಇಲ್ಲ? ಆದರೆ ಕೊಂಡವನು ಆ ದುಡ್ಡನ್ನ ಎಲ್ಲಿಂದ ಎತ್ತುತ್ತಾನೆ? ಒಂದು ಕೋಟಿ ಹೆಸರುಗಳ ಬಾಡಿಗೆಯಿಂದ ತಾನೆ. ಗಲಾಟೆ ಜೋರಾದಾಗ ಎಥೋಸ್‌ನವರು, ಒಪ್ಪಂದ ಶುರುವಾದಲ್ಲಿಂದ ಎಂಟು ವರ್ಷ ಸರಾಸರಿ ಶೇ. 10ಕ್ಕಿಂತ ಏರಿಸಲ್ಲ ಅಂತ ಮಾತು ಕೊಟ್ಟರು. ಶೇ. 10 ಅಂದ್ರೆ ಸಣ್ಣದು ಅನ್ನಿಸುತ್ತೆ, ಅಲ್ವಾ? ಕ್ಯಾಲ್ಕುಲೇಟರ್ ಹಿಡಿದೆ. ಚಕ್ರಬಡ್ಡಿ ಲೆಕ್ಕದಲ್ಲಿ ಎಂಟು ವರ್ಷಕ್ಕೆ 9.93 ಡಾಲರ್ ಹೋಗಿ 21 ಡಾಲರ್ ದಾಟುತ್ತೆ, ಎರಡು ಪಟ್ಟಿಗಿಂತ ಹೆಚ್ಚು.

ಅದು ಹೆಚ್ಚಾದರೆ ಬೇರೆ ಹೆಸರು ತಗೊಳ್ಳಿ ಅನ್ನೋರಿದ್ದಾರೆ. ಇಲ್ಲೇ ಇರೋದು ವಿಷಯ. ಅಂಗಡಿಯಲ್ಲಿ ಸೋಪು ದುಬಾರಿಯಾದರೆ ಬೇರೆ ಸೋಪು ತರಬಹುದು. ಹೆಸರು ಹಾಗಲ್ಲ. ನಮ್ಮ ಸಂಚಿಕೆಗಳ ಮೇಲೆಲ್ಲ ಅದು ಅಚ್ಚಾಗಿದೆ, ಎಷ್ಟೋ ಕಡೆ ಕೊಂಡಿಗಳಿವೆ, ಮಿಂಚಂಚೆ ವಿಳಾಸಗಳಿವೆ. ನಮಗೆ ಗೊತ್ತಿರೋ ಒಂದು ಓದುಗರ ಬಳಗ ದುಡ್ಡು ಕಟ್ಟೋದು ತಪ್ಪಿ ಹೆಸರು ಕಳಕೊಂಡಿತು. ಈಗ ಆ ವಿಳಾಸಕ್ಕೆ ಹೋದರೆ ಜೂಜಿನ ಜಾಹೀರಾತು. ಆ ಬಳಗದ ಹಿರಿಯರೊಬ್ಬರು ತಮ್ಮ ಕಥಾ ಸಂಕಲನದ ಬೆನ್ನಿನ ಮೇಲೆ ಅದೇ ವಿಳಾಸ ಹಾಕಿಸಿದ್ದರು. ಪುಸ್ತಕ ಕೊಡುವಾಗಲೆಲ್ಲ ಅದರ ಮೇಲೆ ಒಂದು ಚೀಟಿ ಅಂಟಿಸಿ ಕೊಡ್ತಾರೆ. ಹಾಗಾಗಿ ಹೊಸಬರಿಗೆ ಹೇಳೋ ಬೆಲೆ ಬೇರೆ, ಈಗಾಗಲೇ ಮನೆ ಕಟ್ಟಿಕೊಂಡು ಕೂತೋರಿಗೆ ಹೇಳೋ ಬೆಲೆ ಬೇರೆ. ಎರಡನೆಯವರಿಗೆ ಬಾಗಿಲು ಇಲ್ಲ.

ಮುಂದೇನಾಯ್ತು? ಲಾಭರಹಿತ ಸಂಘಟನೆಗಳು ಬೀದಿಗಿಳಿದವು. 2020ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಐಕ್ಯಾನ್ ಕಚೇರಿ ಮುಂದೆ ಪ್ರತಿಭಟನೆ ಆಯಿತು. ಅದೇ ತಿಂಗಳು ಎಸ್ತರ್ ಡೈಸನ್ ಮೊದಲಾದವರು ಇನ್ನೊಂದು ದಾರಿ ಮುಂದಿಟ್ಟರು: ಡಾಟ್ ಆರ್ಗ್ ಹೆಸರುಳ್ಳವರೇ ಸದಸ್ಯರಾಗಿರೋ ಒಂದು ಸಹಕಾರ ಸಂಘ ಮಾಡೋಣ, ಅದಕ್ಕೆ ರಿಜಿಸ್ಟ್ರಿ ಕೊಡಿ ಅಂತ. ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಈ ಮಾರಾಟ ಬೇಡ ಅಂತ ಪತ್ರ ಬರೆದರು. ಏಪ್ರಿಲ್ 30ಕ್ಕೆ ಐಕ್ಯಾನ್ ಮಂಡಳಿ ಒಪ್ಪಿಗೆ ನಿರಾಕರಿಸಿತು. ಮಾರಾಟ ನಿಂತಿತು. ಆದರೆ ಗಮನಿಸಿ, 2019ರಲ್ಲಿ ಕಿತ್ತುಹಾಕಿದ ಬೆಲೆಯ ಮಿತಿ ಇದರಿಂದ ವಾಪಸ್ ಬರಲಿಲ್ಲ. ಸಹಕಾರ ಸಂಘವೂ ಕಾಗದದ ಮೇಲೇ ಉಳಿಯಿತು.

*

ಸದಸ್ಯರೇ ನಡೆಸಿದರೆ ಎಲ್ಲ ಸರಿಹೋಗುತ್ತಾ? ಅದಕ್ಕೂ ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿ ಡಾಟ್ ಯುಕೆ ನೋಡಿಕೊಳ್ಳೋದು ನಾಮಿನೆಟ್, 1996ರಲ್ಲಿ ಶುರುವಾದ, ಸದಸ್ಯರಿರೋ ಲಾಭರಹಿತ ಸಂಸ್ಥೆ. ಬಹಳ ವರ್ಷ ಸಗಟು ದರ ಎರಡು ವರ್ಷಕ್ಕೆ 5 ಪೌಂಡ್ ಇತ್ತು. 2016ರಲ್ಲಿ ವರ್ಷಕ್ಕೆ 3.75 ಪೌಂಡ್ ಮಾಡಿದರು, ಅಂದ್ರೆ ಒಂದೂವರೆ ಪಟ್ಟು. ಬಾಡಿಗೆ ಏರ್ತಿದೆ, ಅಧಿಕಾರಿಗಳ ಸಂಬಳ ಏರ್ತಿದೆ, ದಾನಕ್ಕೆ ಕೊಡೋದು ಮಾತ್ರ ಇಳೀತಿದೆ ಅಂತ ಸದಸ್ಯರ ದೂರು. 2021ರ ಮಾರ್ಚ್‌ನಲ್ಲಿ ವಿಶೇಷ ಸಭೆ ಕರೆಸಿ, ಅಧ್ಯಕ್ಷರೂ ಸೇರಿದಂತೆ ಐವರು ನಿರ್ದೇಶಕರನ್ನ ಶೇ. 52.7 ಮತಗಳಿಂದ ಇಳಿಸಿಯೇಬಿಟ್ಟರು! ಮುಖ್ಯ ಕಾರ್ಯನಿರ್ವಾಹಕರು ಹಿಂದಿನ ದಿನವೇ ಕುರ್ಚಿ ಬಿಟ್ಟಿದ್ದರು.

ಓದಿದಾಗ ಭಲೇ ಅನ್ನಿಸಿತು. ಆದರೆ ಅಲ್ಲಿ ಸದಸ್ಯರು ಅಂದ್ರೆ ಹೆಚ್ಚಾಗಿ ಹೆಸರು ಮಾರೋ ಕಂಪನಿಗಳು. ಯಾರ ಕೈಯಲ್ಲಿ ಹೆಚ್ಚು ಹೆಸರಿದೆಯೋ ಅವರ ಮತಕ್ಕೆ ಹೆಚ್ಚು ತೂಕ. ಒಂದೇ ಒಂದು ಹೆಸರು ಇಟ್ಟುಕೊಂಡು ಕೊನೆಗೆ ದುಡ್ಡು ಕೊಡೋ ಮನುಷ್ಯ ಸಭೆಯ ಹೊರಗೇ ನಿಂತಿರ್ತಾನೆ. 'ಸಮುದಾಯ' ಅಂತ ಯಾರಾದರೂ ಹೇಳಿದಾಗ ಆ ಪಟ್ಟಿಯಲ್ಲಿ ಯಾರ್ಯಾರ ಹೆಸರಿದೆ ಅಂತ ನೋಡೋ ಅಭ್ಯಾಸ ನನಗೆ ಆಮೇಲೆ ಬಂತು.

ನಮ್ಮ ದೇಶದ್ದೂ ಹೇಳಿಬಿಡ್ತೀನಿ. ಡಾಟ್ ಇನ್ 2005ರವರೆಗೆ ಸುಲಭಕ್ಕೆ ಸಿಗ್ತಿರಲಿಲ್ಲ. ಆ ವರ್ಷ ನಿಕ್ಸಿ ಅನ್ನೋ ಲಾಭರಹಿತ ಸಂಸ್ಥೆಯ ಕೈಗೆ ಬಂದು ಎಲ್ಲರಿಗೂ ತೆರೆಯಿತು. ನಿಕ್ಸಿ ಹೆಚ್ಚುಕಡಿಮೆ ಸರ್ಕಾರದ ನೆರಳಿನಲ್ಲೇ ಇರೋದು. ನಮ್ಮ ಲಿಪಿಗಳಲ್ಲಿ 'ಡಾಟ್ ಭಾರತ' ಬಂದಾಗ 2011ರ ಮೊದಲ ಏಳು ಲಿಪಿಗಳಲ್ಲಿ ಕನ್ನಡ ಇರಲಿಲ್ಲ, ಆಮೇಲೆ ಸೇರಿತು. ಈಗ ಕನ್ನಡದಲ್ಲೇ ಪೂರ್ತಿ ವಿಳಾಸ ಇಟ್ಟುಕೊಳ್ಳಬಹುದು. ಖುಷಿಯೇ. ಆದರೆ ಕನ್ನಡ ಹೆಸರನ್ನ ಎಲ್ಲ ತಂತ್ರಾಂಶಗಳೂ ಒಪ್ಪಲ್ಲ, ಆ ವಿಳಾಸದ ಮಿಂಚಂಚೆ ಕೊಟ್ಟರೆ ಎಷ್ಟೋ ಫಾರ್ಮ್‌ಗಳು ತಪ್ಪು ಅಂತವೆ. ಹಾಗಾಗಿ ಇಂಗ್ಲಿಷ್ ಹೆಸರನ್ನೂ ಬಿಡೋ ಹಾಗಿಲ್ಲ. ಕನ್ನಡ ಬೇಕು ಅನ್ನೋ ತಪ್ಪಿಗೆ ಎರಡೆರಡು ಬಾಡಿಗೆ! ಶುಲ್ಕ ನಿಗದಿ ಮಾಡೋರ ಮೇಜಿನ ಮೇಲೆ ಈ ಲೆಕ್ಕವೂ ಇರಬೇಕು ಅಂತ ನನ್ನಾಸೆ.

ಹಾಗಾದ್ರೆ ಸರಿಯಾದ ರೇಟು ಎಷ್ಟು? ಒಂದು ಅಂಕಿ ಹೇಳಕ್ಕೆ ನನ್ನಿಂದ ಆಗಲ್ಲ. ಹತ್ತು ಡಾಲರ್ ಅನ್ನೋದು ಒಂದು ಊರಿನಲ್ಲಿ ಎರಡು ಕಪ್ ಕಾಫಿ, ಇನ್ನೊಂದು ಊರಿನ ಯುವಕ ಸಂಘಕ್ಕೆ ಒಂದು ಸಭೆಯ ಖರ್ಚು. ಬಡವರಿಗೆ ರಿಯಾಯಿತಿ ಕೊಡೋಣ ಅಂದ್ರೆ ಸಾವಿರಗಟ್ಟಲೆ ಹೆಸರು ಬುಟ್ಟಿಗೆ ಹಾಕಿಕೊಂಡು ಕೂರೋ ವ್ಯಾಪಾರಿ ಮೊದಲು ಸಾಲಿನಲ್ಲಿ ನಿಲ್ತಾನೆ, ಅವನನ್ನ ಸೋಸೋ ಖರ್ಚು ಶುಲ್ಕಕ್ಕಿಂತ ಹೆಚ್ಚಾಗುತ್ತೆ. ಎಲ್ಲರಿಗೂ ಒಂದೇ ಬೆಲೆ ಅನ್ನೋದು ಪೂರ್ತಿ ನ್ಯಾಯ ಅಲ್ಲ, ಆದರೆ ಸುಲಭ.

ಅಂಕಿ ಗೊತ್ತಿಲ್ಲದಿದ್ದರೂ ನಡೆಯಬೇಕಾದ ಕ್ರಮ ನನಗೆ ಗೊತ್ತು ಅನ್ನಿಸುತ್ತೆ, ಯಾಕಂದ್ರೆ ಸಣ್ಣ ಸಂಘಗಳಲ್ಲಿ ನಾವು ಅದನ್ನೇ ಮಾಡೋದು. ಖರ್ಚು ಎಷ್ಟು ಅಂತ ಎಲ್ಲರ ಮುಂದೆ ಓದಬೇಕು. ಕಷ್ಟಕಾಲಕ್ಕೆ ಇಷ್ಟು ಕೂಡಿಡ್ತೀವಿ, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಗೆರೆ ಎಳೀಬೇಕು. ಸತ್ಕಾರ್ಯಕ್ಕೆ ಎತ್ತೋದಾದರೆ ಅದನ್ನ ಬೇರೆ ಸಾಲಿನಲ್ಲಿ ತೋರಿಸಬೇಕು. ಹಳಬರ ನವೀಕರಣಕ್ಕೆ ಹೊಸಬರಿಗಿಂತ ಹೆಚ್ಚು ಕೇಳಬಾರದು. ಏರಿಸೋದಾದರೆ ಮೊದಲೇ ಹೇಳಬೇಕು, ಹಳೇ ಬೆಲೆಗೇ ಕೆಲವು ವರ್ಷ ಕಟ್ಟಿಕೊಳ್ಳಕ್ಕೆ ಬಿಡಬೇಕು. (ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಈ ಅನುಕೂಲ ಈಗಲೂ ಇದೆ, ಒಟ್ಟು ಹತ್ತು ವರ್ಷದವರೆಗೆ ಮುಂಗಡ ಕಟ್ಟಬಹುದು.) ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಕೊಡೋನು ಎದ್ದು ನಿಂತು "ಯಾಕೆ?" ಅಂದಾಗ ಉತ್ತರ ಹೇಳೋ ಒಬ್ಬ ಮನುಷ್ಯ ಎದುರಿಗಿರಬೇಕು. ನಮ್ಮ ಸಂಘದಲ್ಲಿ ಅದು ನಾನು. ಪ್ರಪಂಚದ ಹೆಸರುಗಳ ವಿಷಯದಲ್ಲಿ ಆ ಮನುಷ್ಯ ಬಹಳ ದೂರದಲ್ಲಿದ್ದಾನೆ.

ಅಂದ ಹಾಗೆ, ನಮ್ಮ ಹೆಸರನ್ನ ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡೋಣ ಅಂತ ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೀನಿ. ಪಾಸಾಗುತ್ತೋ ಇಲ್ಲವೋ. ನಿಮ್ಮಲ್ಲಿ ಯಾರಾದರೂ ಸ್ವಂತ ಹೆಸರು ತಗೊಂಡಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಅದು ಯಾರ ಹೆಸರಿನಲ್ಲಿ ನೋಂದಣಿ ಆಗಿದೆ, ಯಾವ ಮಿಂಚಂಚೆಗೆ ಎಚ್ಚರಿಕೆ ಬರುತ್ತೆ, ಕೊನೇ ದಿನ ಯಾವುದು ಅಂತ ನೋಡಿಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ ಕೂಡಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮತ್ತೆ ಈ ಬಾಡಿಗೆ ಎಷ್ಟಿರಬೇಕು, ಯಾರು ಹೇಳಬೇಕು ಅನ್ನೋದರ ಬಗ್ಗೆ ನಿಮಗೇನನ್ನಿಸುತ್ತೆ, ಬರೀರಿ.